ಇಳಕಲ್ ಸೀರೆಯ ಲೆಕ್ಕಕ್ಕೊಂದು ಡೇಟಾಬೇಸ್: ಕಟ್ಟುವ ಕ್ರಮ

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಹತ್ತಾರು ಮಗ್ಗಗಳಿಗೆ ನೂಲು ಕೊಟ್ಟು, ನೇಯ್ದ ಸೀರೆಗಳನ್ನು ಮಜೂರಿಯ ಲೆಕ್ಕದ ಮೇಲೆ ತಿರುಗಿ ಪಡೆಯುತ್ತಾರೆ ಎಂದು ಇಟ್ಟುಕೊಳ್ಳೋಣ. ಅವರ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೇ ಒಂದು ಎಕ್ಸೆಲ್ ಹಾಳೆಯಿದ್ದು, ದಿನಾಂಕ, ನೇಕಾರರ ಹೆಸರು, ಓಣಿ, ಊರು, ಫೋನ್ ನಂಬರು, ಸೀರೆಯ ದಡಿ (ಅಂಚು), ಉದ್ದ, ಮಜೂರಿ, ಕೊಟ್ಟ ಹಣ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿಡುತ್ತಾರೆ. ಸಾಲುಗಳು ನೂರು ಇನ್ನೂರು ಇರುವವರೆಗೆ ಈ ಹಾಳೆಗೆ ಹೆಸರಿಡುವಂತಿಲ್ಲ. ಲೆಕ್ಕ ಸಾವಿರಗಳಿಗೆ ಏರಿದಾಗ ‘ಈರಣ್ಣ ಅವರ ಬಾಕಿ ಎಷ್ಟು?’ ಎಂಬ ಸಾದಾ ಪ್ರಶ್ನೆಗೂ ಹಾಳೆ ಒಂದೊಂದು ಸಲ ಒಂದೊಂದು ಉತ್ತರ ಕೊಡತೊಡಗುತ್ತದೆ. ಏಕೆಂದರೆ ಅದೇ ವ್ಯಕ್ತಿ ಒಂದು ಕಡೆ ಈರಣ್ಣ, ಇನ್ನೊಂದು ಕಡೆ ವೀರಣ್ಣ, ಮತ್ತೊಂದು ಕಡೆ ಬರೀ ಅಡ್ಡಹೆಸರಿನಿಂದ ದಾಖಲಾಗಿರುತ್ತಾರೆ. ಈ ಹಾಳೆಯನ್ನು ಬಿಡಿಸಿ ಡೇಟಾಬೇಸ್ ಆಗಿ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದೆ. ವಿಜಯಪುರದ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಲೆಕ್ಕಕ್ಕೂ, ಬೆಳಗಾವಿ ಕಡೆಯ ಹಾಲಿನ ಸಂಘದ ಲೆಕ್ಕಕ್ಕೂ ಕ್ರಮ ಇದೇ. ಟೇಬಲ್‌ಗಳ ಹೆಸರು ಬೇರೆಯಾಗುತ್ತದೆ, ಅಷ್ಟೆ.

ಡೇಟಾಬೇಸ್ ಎಂದರೆ ಒಂದಕ್ಕೊಂದು ಸಂಬಂಧವಿರುವ ಮಾಹಿತಿಯನ್ನು ಗೊತ್ತಾದ ನಿಯಮಗಳಿಗೆ ಒಳಪಡಿಸಿ ಜೋಡಿಸಿಟ್ಟ ಸಂಗ್ರಹ. ಅದನ್ನು ಕಾಯುವ, ನಿಯಮ ಮುರಿಯುವ ನಮೂದನ್ನು ತಡೆಯುವ, ಕೇಳಿದ್ದನ್ನು ಹುಡುಕಿ ಕೊಡುವ ತಂತ್ರಾಂಶಕ್ಕೆ ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ. ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಇವೆಲ್ಲ ಈ ಎರಡನೆಯ ಜಾತಿಗೆ ಸೇರಿದವು. ಹೊಸಬರು ಸಾಮಾನ್ಯವಾಗಿ ಇವುಗಳಲ್ಲಿ ಯಾವುದನ್ನು ಕಲಿಯಬೇಕು ಎಂದು ಮೊದಲು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಸಂಗತಿಯನ್ನು ಎಲ್ಲಿ ಬರೆಯಬೇಕು ಎಂಬುದು ಕಾಗದದ ಮೇಲೆ ತೀರ್ಮಾನವಾಗದಿದ್ದರೆ ಎಷ್ಟು ದುಬಾರಿ ತಂತ್ರಾಂಶ ತಂದರೂ ಹಳೆಯ ಗೊಂದಲವೇ ಹೊಸ ಜಾಗಕ್ಕೆ ಬಂದು ಕೂಡುತ್ತದೆ.

ಒಂದೇ ಹಾಳೆಯ ತೊಂದರೆಗಳು

ಮೇಲಿನ ಹಾಳೆಯಲ್ಲಿ ನೇಕಾರರ ಫೋನ್ ನಂಬರು ಅವರು ತಂದ ಪ್ರತಿ ಸೀರೆಯ ಸಾಲಿನಲ್ಲಿಯೂ ಮರುಕಳಿಸುತ್ತದೆ. ನಂಬರು ಬದಲಾದರೆ ಅಷ್ಟೂ ಸಾಲುಗಳನ್ನು ತಿದ್ದಬೇಕು. ಒಂದು ಸಾಲು ಕಣ್ತಪ್ಪಿದರೂ ಹಾಳೆಯಲ್ಲಿ ಒಬ್ಬರಿಗೆ ಎರಡು ನಂಬರು ಉಳಿಯುತ್ತವೆ, ಯಾವುದು ಸರಿಯೆಂದು ಹಾಳೆ ಹೇಳಲಾರದು. ಎರಡನೆಯದಾಗಿ, ಹೊಸ ನೇಕಾರರೊಬ್ಬರು ಇಂದು ಸೇರಿಕೊಂಡು ಇನ್ನೂ ಒಂದೂ ಸೀರೆ ತಂದಿಲ್ಲವಾದರೆ ಅವರ ಹೆಸರು ಬರೆಯಲು ಹಾಳೆಯಲ್ಲಿ ಜಾಗವೇ ಇಲ್ಲ, ಏಕೆಂದರೆ ಅಲ್ಲಿಯ ಪ್ರತಿ ಸಾಲೂ ಒಂದು ಸೀರೆಗೆ ಮೀಸಲು. ಮೂರನೆಯದು ಹೆಚ್ಚು ಅಪಾಯಕಾರಿ: ಒಬ್ಬರು ತಂದ ಒಂದೇ ಸೀರೆಯನ್ನು ದೋಷವಿದೆಯೆಂದು ಹಿಂದಿರುಗಿಸಿ ಆ ಸಾಲನ್ನು ಅಳಿಸಿದರೆ, ಸೀರೆಯ ಜೊತೆಗೆ ಆ ನೇಕಾರರ ವಿಳಾಸ, ಫೋನ್ ಎಲ್ಲವೂ ಅಳಿಸಿಹೋಗುತ್ತವೆ. ಸೇರಿಸುವಾಗ, ತಿದ್ದುವಾಗ, ಅಳಿಸುವಾಗ ಹುಟ್ಟುವ ಈ ಮೂರು ಬಗೆಯ ಏರುಪೇರುಗಳ ಮೂಲ ಒಂದೇ. ನೇಕಾರರಿಗೆ ಸಂಬಂಧಿಸಿದ ಸಂಗತಿಯನ್ನು ಸೀರೆಗೆ ಮೀಸಲಾದ ಸಾಲಿನಲ್ಲಿ ಬರೆದಿದ್ದೇವೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಸಂಬಂಧಾತ್ಮಕ ಮಾದರಿ. ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಮಂಡಿಸಿದರು. ಅದಕ್ಕೂ ಮುಂಚಿನ ವ್ಯವಸ್ಥೆಗಳಲ್ಲಿ ದಾಖಲೆಗಳು ಮರದ ಕೊಂಬೆಗಳಂತೆ ಅಥವಾ ಬಲೆಯಂತೆ ಒಂದಕ್ಕೊಂದು ಕಟ್ಟಿಕೊಂಡಿರುತ್ತಿದ್ದು, ಯಾವ ದಾರಿ ಹಿಡಿದು ಹೋದರೆ ಯಾವ ದಾಖಲೆ ಸಿಗುತ್ತದೆ ಎಂಬುದನ್ನು ಪ್ರೋಗ್ರಾಂ ಬರೆಯುವವರೇ ತಿಳಿದಿರಬೇಕಾಗಿತ್ತು. ಕಾಡ್ ಅವರು ಎಲ್ಲವನ್ನೂ ಸಾಲು ಮತ್ತು ಕಾಲಂಗಳುಳ್ಳ ಟೇಬಲ್‌ಗಳಾಗಿ ಕಂಡು, ಟೇಬಲ್‌ಗಳ ನಡುವಿನ ಸಂಬಂಧವನ್ನು ಅವುಗಳಲ್ಲಿರುವ ಮೌಲ್ಯಗಳಿಂದಲೇ ಗುರುತಿಸಬೇಕೆಂದರು. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಟೇಬಲ್‌ಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಕರೆಯುವುದು ಅದನ್ನೇ. 1986ರಲ್ಲಿ ಅದು ಅಮೆರಿಕದ ಮಾನಕವಾಯಿತು. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಇತಿಹಾಸ ಇಷ್ಟು ಸಾಕು.

ಕಾಗದದ ಮೇಲಿನ ಕೆಲಸ

ಮೊದಲು ನಿಮ್ಮ ವ್ಯವಹಾರದಲ್ಲಿ ಬರುವ ವ್ಯಕ್ತಿ, ವಸ್ತು, ಘಟನೆಗಳನ್ನು ಬರೆದುಕೊಳ್ಳಿರಿ. ಸೀರೆಯ ಲೆಕ್ಕದಲ್ಲಿ ನೇಕಾರರು ಇದ್ದಾರೆ, ಸೀರೆಯ ಬಗೆಗಳಿವೆ, ನೂಲು ಕೊಟ್ಟ ಘಟನೆಯಿದೆ, ಸೀರೆ ಜಮಾ ಆದ ಘಟನೆಯಿದೆ, ಹಣ ಕೊಟ್ಟ ಘಟನೆಯಿದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಟೇಬಲ್ ಬೇಕು. ಬಳಿಕ ಪ್ರತಿ ಟೇಬಲಿನ ಕೆಳಗೆ ‘ಇಲ್ಲಿಯ ಒಂದು ಸಾಲು ಎಂದರೆ…’ ಎಂದು ಆರಂಭವಾಗುವ ಒಂದೇ ವಾಕ್ಯವನ್ನು ಬರೆಯಿರಿ. ಜಮಾ ಟೇಬಲಿನಲ್ಲಿ ಒಂದು ಸಾಲು ಎಂದರೆ ಒಂದು ಸೀರೆಯೇ, ಅಥವಾ ಒಬ್ಬರು ಒಂದು ದಿನ ತಂದ ಎಲ್ಲ ಸೀರೆಗಳೇ? ಎರಡೂ ನಡೆಯುತ್ತವೆ, ಆದರೆ ಇವೆರಡನ್ನೂ ಒಂದೇ ಟೇಬಲಿನಲ್ಲಿ ಬೆರೆಸಿದರೆ ಮುಂದೆ ಎಣಿಕೆಯೇ ಸುಳ್ಳಾಗುತ್ತದೆ. ಮಜೂರಿ ಸೀರೆಯಿಂದ ಸೀರೆಗೆ ಬೇರೆಯಾಗುವುದರಿಂದಲೂ, ದೋಷವಿದ್ದ ಸೀರೆ ಒಂದೊಂದಾಗಿಯೇ ತಿರುಗಿ ಹೋಗುವುದರಿಂದಲೂ, ಒಂದು ಸೀರೆಗೆ ಒಂದು ಸಾಲು ಎಂಬ ನಿರ್ಣಯ ಇಲ್ಲಿ ಮೇಲು.

ಮುಂದಿನದು ಗುರುತಿನ ಪ್ರಶ್ನೆ. ಟೇಬಲಿನ ಪ್ರತಿ ಸಾಲನ್ನು ಬೇರೆಲ್ಲ ಸಾಲುಗಳಿಂದ ನಿಸ್ಸಂದೇಹವಾಗಿ ಬೇರ್ಪಡಿಸುವ ಕಾಲಂ ಅಥವಾ ಕಾಲಂಗಳ ಗುಂಪಿಗೆ ಪ್ರೈಮರಿ ಕೀ ಎನ್ನುತ್ತಾರೆ. ಹೆಸರು ಈ ಕೆಲಸಕ್ಕೆ ಬರುವುದಿಲ್ಲ. ಬಸವರಾಜ ಎಂಬ ಹೆಸರಿನವರು ಎಷ್ಟು ಮಂದಿ ಇದ್ದಾರೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಫೋನ್ ನಂಬರು ಬದಲಾಗುತ್ತದೆ, ಅಪ್ಪ ಮಗ ಒಂದೇ ನಂಬರು ಕೊಡುವುದೂ ಉಂಟು. ಆಧಾರ್ ಸಂಖ್ಯೆಯನ್ನು ಗುರುತಾಗಿ ಬಳಸಿ ಪ್ರತಿ ಟೇಬಲಿನಲ್ಲಿ ಹರಡುವುದು ಅನಗತ್ಯ, ಅನುಚಿತ. ಡೇಟಾಬೇಸೇ ಒಂದರಿಂದ ಆರಂಭಿಸಿ ಕೊಡುವ ಕ್ರಮಸಂಖ್ಯೆ ಸಾಕು. ಅದಕ್ಕೆ ಯಾವ ಅರ್ಥವೂ ಇಲ್ಲದಿರುವುದರಿಂದ ಅದು ಎಂದೂ ಬದಲಾಗಬೇಕಾಗುವುದಿಲ್ಲ.

ಎರಡು ಮೂರು ಕಾಲಂಗಳು ಕೂಡಿ ಗುರುತಾಗುವುದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಹೊಲಗಳ ಉತಾರದಲ್ಲಿಯೇ (ಪಹಣಿಯಲ್ಲಿಯೇ) ಇದೆ. ಸರ್ವೆ ನಂಬರು 45 ಎಂದಷ್ಟೇ ಹೇಳಿದರೆ ಯಾವ ಹೊಲವೆಂದು ತಿಳಿಯದು, ಏಕೆಂದರೆ ಆ ನಂಬರು ಊರೂರಿಗೂ ಇರಬಹುದು; ಊರು, ಸರ್ವೆ ನಂಬರು, ಹಿಸ್ಸಾ ನಂಬರು ಮೂರೂ ಸೇರಿದಾಗ ಮಾತ್ರ ಒಂದು ತುಂಡು ಭೂಮಿ ಗುರುತಾಗುತ್ತದೆ. ಹಿಂದೆ ತಲಾಟಿಯವರು ಕೈಯಿಂದ ಬರೆಯುತ್ತಿದ್ದ ಈ ಉತಾರಗಳನ್ನು ರಾಜ್ಯ ಸರಕಾರ ‘ಭೂಮಿ’ ಯೋಜನೆಯಲ್ಲಿ ಗಣಕೀಕರಿಸಿತು. ನಾಡಕಚೇರಿಯಲ್ಲಿ ಉತಾರ ತೆಗೆಸುವವರು ಸರ್ವೆ ನಂಬರಿನ ಜೊತೆಗೆ ಹಿಸ್ಸಾವನ್ನೂ ಹೇಳಲೇಬೇಕಾಗುವುದು ಈ ಕಾರಣಕ್ಕೆ.

ಈಗ ಟೇಬಲ್‌ಗಳನ್ನು ಜೋಡಿಸಬೇಕು. ಜಮಾ ಟೇಬಲಿನಲ್ಲಿ ನೇಕಾರರ ಹೆಸರು, ಫೋನ್ ಯಾವುದನ್ನೂ ಬರೆಯದೆ ಅವರ ಕ್ರಮಸಂಖ್ಯೆಯನ್ನಷ್ಟೇ ಬರೆಯಬೇಕು. ಹೀಗೆ ಬೇರೊಂದು ಟೇಬಲಿನ ಸಾಲನ್ನು ತೋರಿಸುವ ಕಾಲಂ ಫಾರಿನ್ ಕೀ. ನೇಕಾರರ ಟೇಬಲಿನಲ್ಲಿ 17ನೆಯ ಸಾಲಿಲ್ಲದಿದ್ದರೆ 17ರ ಹೆಸರಿನಲ್ಲಿ ಸೀರೆ ಜಮಾ ಮಾಡಲು ಡೇಟಾಬೇಸ್ ಬಿಡುವುದಿಲ್ಲ. ಜಮಾ ಟೇಬಲಿನಲ್ಲಿ ಸೀರೆಗಳಿರುವ ನೇಕಾರರ ಸಾಲನ್ನು ಅಳಿಸಲೂ ಬಿಡುವುದಿಲ್ಲ. ಹಾಳೆಗೂ ಡೇಟಾಬೇಸಿಗೂ ಇರುವ ನಿಜವಾದ ಅಂತರ ಈ ಕಾವಲಿನಲ್ಲಿದೆ. ಎಸ್‌ಕ್ಯೂಲೈಟ್ ಬಳಸುವವರು ಒಂದು ಮಾತನ್ನು ನೆನಪಿಡಬೇಕು: ಅದರಲ್ಲಿ ಈ ಕಾವಲು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ, ಪ್ರತಿ ಸಲ ಡೇಟಾಬೇಸ್ ತೆರೆದಾಗಲೂ ‘ಪ್ರಾಗ್ಮಾ’ ಆದೇಶದಿಂದ ಫಾರಿನ್ ಕೀ ನಿಯಮವನ್ನು ಚಾಲೂ ಮಾಡಬೇಕಾಗುತ್ತದೆ.

ಊರಿಗೂ ಒಂದು ಟೇಬಲ್ ಇರಲಿ

ಊರಿನ ಹೆಸರನ್ನು ಪ್ರತಿ ನೇಕಾರರ ಸಾಲಿನಲ್ಲಿ ಅಕ್ಷರಗಳಲ್ಲಿ ಬರೆದರೆ ಏನಾಗುತ್ತದೆ ಎಂಬುದನ್ನು ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ಮೂರು ಜಿಲ್ಲೆಗಳಲ್ಲಿ ದಾಖಲೆ ಇಡುವವರೆಲ್ಲ ಕಂಡಿರುತ್ತಾರೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗಿನ ಬಿಜಾಪುರ ಜಿಲ್ಲೆಯಿಂದ ಬೇರೆಯಾಯಿತು. 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದವು. ಹುನಗುಂದ ತಾಲ್ಲೂಕಿನಲ್ಲಿದ್ದ ಇಳಕಲ್, ಬಾದಾಮಿ ತಾಲ್ಲೂಕಿನಲ್ಲಿದ್ದ ಗುಳೇದಗುಡ್ಡ ತಾವೇ ತಾಲ್ಲೂಕುಗಳಾದವು. ಊರಿಗೆ ಪ್ರತ್ಯೇಕ ಟೇಬಲ್ ಇಟ್ಟು, ಅದರಲ್ಲಿ ಊರಿನ ಹೆಸರು, ತಾಲ್ಲೂಕಿನ ಸಂಖ್ಯೆ ಬರೆದು, ತಾಲ್ಲೂಕಿನ ಟೇಬಲಿನಲ್ಲಿ ಜಿಲ್ಲೆಯ ಸಂಖ್ಯೆ ಬರೆದಿದ್ದವರಿಗೆ ಈ ಬದಲಾವಣೆಗಳು ಕೆಲವೇ ಸಾಲುಗಳ ತಿದ್ದುಪಡಿಯಲ್ಲಿ ಮುಗಿಯುತ್ತವೆ. ಉಳಿದವರ ಕಡತಗಳಲ್ಲಿ ಬಿಜಾಪುರ, ವಿಜಾಪುರ, ವಿಜಯಪುರ ಮೂರೂ ಇಂದಿಗೂ ಮೂರು ಬೇರೆ ಊರುಗಳಾಗಿಯೇ ಎಣಿಕೆಯಾಗುತ್ತವೆ.

ಒಂದು ಸಂಗತಿಯನ್ನು ಒಂದೇ ಕಡೆ ಬರೆಯುವಂತೆ ಟೇಬಲ್‌ಗಳನ್ನು ಒಡೆಯುವ ಈ ಕ್ರಮಕ್ಕೆ ನಾರ್ಮಲೈಜೇಷನ್ ಎಂದು ಹೆಸರು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದನೆಯ, ಎರಡನೆಯ, ಮೂರನೆಯ ರೂಪಗಳೆಂದು ಮೆಟ್ಟಿಲುಗಳಿವೆ; ಪ್ರತಿ ಕಾಲಂ ಆ ಟೇಬಲಿನ ಕೀಯನ್ನು ಕುರಿತೇ ಏನನ್ನಾದರೂ ಹೇಳುತ್ತಿದೆಯೇ ಎಂದು ಪರಿಶೀಲಿಸಿದರೆ ಸಣ್ಣ ವ್ಯವಹಾರಕ್ಕೆ ಸಾಕಾಗುತ್ತದೆ.

ಆದರೆ ಪುನರಾವರ್ತನೆಯಂತೆ ಕಾಣುವುದೆಲ್ಲವೂ ಪುನರಾವರ್ತನೆಯಲ್ಲ. ಸೀರೆ ಬಗೆಯ ಟೇಬಲಿನಲ್ಲಿ ಗೋಮಿ ದಡಿಯ ಆರು ವಾರದ (ಗಜದ) ಸೀರೆಗೆ, ಗಾಡಿ ದಡಿಯ ಒಂಬತ್ತು ವಾರದ ಸೀರೆಗೆ ಈಗ ನಡೆಯುತ್ತಿರುವ ಮಜೂರಿ ದರ ಬರೆದಿರುತ್ತದೆ. ಹಾಗಿದ್ದ ಮೇಲೆ ಜಮಾ ಟೇಬಲಿನಲ್ಲಿ ಮಜೂರಿಯ ಕಾಲಂ ಏಕೆ ಎಂದು ಕೇಳಬಹುದು. ಅದನ್ನು ಬಿಟ್ಟರೆ, ದೀಪಾವಳಿಗೆ ದರ ಏರಿಸಿದ ದಿನ ಹಿಂದಿನ ವರ್ಷದ ಸೀರೆಗಳ ಮಜೂರಿಯೂ ತಾನಾಗಿಯೇ ಏರಿ, ಚುಕ್ತಾ ಆಗಿದ್ದ ಲೆಕ್ಕಗಳೆಲ್ಲ ಬಾಕಿ ತೋರಿಸುತ್ತವೆ. ಈಗಿನ ದರ ಒಂದು ಸಂಗತಿ, ಆ ದಿನ ಆ ಸೀರೆಗೆ ಒಪ್ಪಿದ ಮಜೂರಿ ಇನ್ನೊಂದು ಸಂಗತಿ. ಎರಡಕ್ಕೂ ಅವುಗಳದೇ ಜಾಗ ಬೇಕು. ಇದಕ್ಕೆ ತದ್ವಿರುದ್ಧವಾಗಿ, ನೇಕಾರರ ಟೇಬಲಿನಲ್ಲಿ ‘ಬಾಕಿ’ ಎಂಬ ಕಾಲಂ ಇಡಲೇಬಾರದು. ಬಾಕಿ ಎಂಬುದು ಒಟ್ಟು ಮಜೂರಿಯಲ್ಲಿ ಕೊಟ್ಟ ಹಣ ಕಳೆದರೆ ಸಿಗುವ ಮೊತ್ತ. ಅದನ್ನು ಬೇಕೆಂದಾಗ ಲೆಕ್ಕ ಹಾಕಿಸಬೇಕು. ಬರೆದಿಟ್ಟರೆ, ಹೊಸ ಸೀರೆ ಬಂದ ದಿನವೇ ಅದನ್ನು ತಿದ್ದಲು ಯಾರೋ ಮರೆಯುತ್ತಾರೆ.

ಕಾಲಂಗಳ ಸ್ವರೂಪ, ಕನ್ನಡದ ಅಕ್ಷರಗಳು

ಪ್ರತಿ ಕಾಲಮಿಗೂ ಅದರಲ್ಲಿ ಬರುವುದು ಸಂಖ್ಯೆಯೋ ಪಠ್ಯವೋ ದಿನಾಂಕವೋ ಎಂದು ಮೊದಲೇ ಗೊತ್ತುಪಡಿಸಬೇಕು. ಫೋನ್ ನಂಬರು ನೋಡಲು ಸಂಖ್ಯೆಯಾದರೂ ಅದನ್ನು ಕೂಡಿಸುವುದೂ ಇಲ್ಲ ಕಳೆಯುವುದೂ ಇಲ್ಲ. ಸಂಖ್ಯೆಯಾಗಿ ಇಟ್ಟರೆ ಮೊದಲ ಸೊನ್ನೆ ಹಾರಿಹೋಗುತ್ತದೆ, ಆದ್ದರಿಂದ ಅದು ಪಠ್ಯವೇ ಆಗಿರಲಿ. ಹಣವನ್ನು ತೇಲುಸಂಖ್ಯೆಯಾಗಿ (ಫ್ಲೋಟ್) ಇಡಬಾರದು. ಕಂಪ್ಯೂಟರು ಅದನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರಿಂದ 0.1ಕ್ಕೆ 0.2 ಕೂಡಿಸಿದರೆ ನಿಖರವಾಗಿ 0.3 ಬರುವುದಿಲ್ಲ. ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕವಾಗಿ, ಇಲ್ಲವೇ ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್‌ಗಳಲ್ಲಾದರೆ ಡೆಸಿಮಲ್ ಎಂಬ ಬಗೆಯಲ್ಲಿ ಇಡಬೇಕು. ದಿನಾಂಕವನ್ನು 2025-03-07 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ ಪಠ್ಯವಾಗಿ ಜೋಡಿಸಿದಾಗಲೂ ಕಾಲಕ್ರಮ ತಪ್ಪುವುದಿಲ್ಲ. ಖಾಲಿ ಬಿಟ್ಟ ಮನೆಗೆ ನಲ್ ಎನ್ನುತ್ತಾರೆ. ಮಜೂರಿ ಇನ್ನೂ ನಿಗದಿಯಾಗಿಲ್ಲ ಎಂಬುದು ನಲ್, ಮಜೂರಿಯೇ ಇಲ್ಲ ಎಂಬುದು ಸೊನ್ನೆ. ಇವೆರಡನ್ನೂ ಬೆರೆಸಿದರೆ ಸರಾಸರಿಗಳು ಕೆಡುತ್ತವೆ.

ಕನ್ನಡದಲ್ಲಿ ಹೆಸರು ತುಂಬುವವರು ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡಿನಲ್ಲಿಯೇ ತುಂಬಬೇಕು. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪು ಮಾಡಿದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಬೇರೆ ಲಿಪಿಯ ಚಿಹ್ನೆಗಳಾಗಿರುತ್ತದೆ. ಅದನ್ನು ಹುಡುಕಲೂ ಆಗದು, ಅಕಾರಾದಿಯಾಗಿ ಜೋಡಿಸಲೂ ಆಗದು. ಅಂತಹ ಕಡತಗಳಿದ್ದರೆ ಮೊದಲು ಪರಿವರ್ತಕದಿಂದ ಬದಲಾಯಿಸಿಕೊಂಡು ಆಮೇಲೆ ಡೇಟಾಬೇಸಿಗೆ ತುಂಬಬೇಕು. ಯೂನಿಕೋಡಿನಲ್ಲಿಯೂ ಎರಡು ಸೂಕ್ಷ್ಮಗಳಿವೆ. ‘ನೇಕಾರ’ ಎಂಬುದು ನಮಗೆ ಮೂರು ಅಕ್ಷರ. ಕಂಪ್ಯೂಟರಿಗೆ ನ, ಏತ್ವದ ಚಿಹ್ನೆ, ಕ, ದೀರ್ಘದ ಚಿಹ್ನೆ, ರ ಎಂಬ ಐದು ಸಂಕೇತ, ಅವನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ ಹದಿನೈದು ಬೈಟು. ಆದ್ದರಿಂದ ಹೆಸರಿನ ಕಾಲಮಿಗೆ ಉದ್ದವನ್ನು ಧಾರಾಳವಾಗಿ ಇಡಬೇಕು. ಇನ್ನೊಂದು, ‘ಗೋಮಿ’ ಎಂಬಲ್ಲಿಯ ಓತ್ವವನ್ನು ಒಂದೇ ಸಂಕೇತವಾಗಿಯೂ, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಹುಡುಕಾಟದಲ್ಲಿ ಬೇರೆ ಬೇರೆ. ದಡಿಯ ಹೆಸರನ್ನು ಪ್ರತಿ ಸಲ ಟೈಪು ಮಾಡದೆ ಸೀರೆ ಬಗೆಯ ಟೇಬಲಿನಿಂದ ಆರಿಸಿಕೊಳ್ಳುವಂತೆ ಮಾಡಿದರೆ ಈ ಬಾಧೆ ತಪ್ಪುತ್ತದೆ.

ಪ್ರಶ್ನೆ ಕೇಳುವ ಬಗೆ

ಎಸ್‌ಕ್ಯೂಎಲ್‌ನಲ್ಲಿ ದಿನಬಳಕೆಯ ಆದೇಶಗಳು ನಾಲ್ಕು: ಸೇರಿಸಲು ಇನ್ಸರ್ಟ್, ತಿದ್ದಲು ಅಪ್‌ಡೇಟ್, ಅಳಿಸಲು ಡಿಲೀಟ್, ಕೇಳಲು ಸೆಲೆಕ್ಟ್. ಅಪ್‌ಡೇಟ್ ಮತ್ತು ಡಿಲೀಟ್‌ಗಳಲ್ಲಿ ಯಾವ ಸಾಲು ಎಂದು ಸೂಚಿಸುವ ವೇರ್ ಭಾಗವನ್ನು ಬಿಟ್ಟರೆ ಆದೇಶ ಟೇಬಲಿನ ಎಲ್ಲ ಸಾಲುಗಳಿಗೂ ಅನ್ವಯಿಸುತ್ತದೆ. ಮೊದಲು ಅದೇ ವೇರ್ ಇಟ್ಟುಕೊಂಡು ಸೆಲೆಕ್ಟ್ ನಡೆಸಿ, ಬಂದ ಸಾಲುಗಳನ್ನು ಕಣ್ಣಾರೆ ನೋಡಿ, ಆಮೇಲೆ ಅಳಿಸುವುದು ಲೇಸು.

ಸೆಲೆಕ್ಟ್ ವಾಕ್ಯವನ್ನು ಬರೆಯುವ ಕ್ರಮ ಒಂದು, ಡೇಟಾಬೇಸ್ ಅದನ್ನು ಅರ್ಥಮಾಡಿಕೊಳ್ಳುವ ಕ್ರಮ ಇನ್ನೊಂದು. ಫ್ರಮ್ ಎಂಬಲ್ಲಿ ಹೆಸರಿಸಿದ ಟೇಬಲ್‌ಗಳನ್ನು ಅದು ಮೊದಲು ತೆಗೆದುಕೊಂಡು ಜಾಯಿನ್ ಮೂಲಕ ಜೋಡಿಸುತ್ತದೆ, ವೇರ್‌ನಿಂದ ಬೇಡವಾದ ಸಾಲುಗಳನ್ನು ಬಿಡುತ್ತದೆ, ಗ್ರೂಪ್ ಬೈನಿಂದ ಗುಂಪು ಮಾಡುತ್ತದೆ, ಕೊನೆಗೆ ಸೆಲೆಕ್ಟ್‌ನಲ್ಲಿ ಕೇಳಿದ ಕಾಲಂಗಳನ್ನು ತೋರಿಸುತ್ತದೆ. ಈ ತಿಂಗಳು ಯಾರು ಎಷ್ಟು ಸೀರೆ ತಂದರು ಎಂದು ಕೇಳುವಾಗ ಸಾದಾ ಜಾಯಿನ್ ಬಳಸಿದರೆ ಒಂದೂ ತರದವರು ಪಟ್ಟಿಯಿಂದಲೇ ಮಾಯವಾಗುತ್ತಾರೆ. ಅವರೂ ಸೊನ್ನೆಯೊಂದಿಗೆ ಕಾಣಬೇಕಾದರೆ ನೇಕಾರರ ಟೇಬಲನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಬಳಸಬೇಕು, ತಿಂಗಳಿನ ಷರತ್ತನ್ನು ವೇರ್‌ನಲ್ಲಿಡದೆ ಜಾಯಿನ್‌ನ ಷರತ್ತಿನಲ್ಲಿಯೇ ಇಡಬೇಕು.

ಬಾಕಿ ಕೇಳುವ ಪ್ರಶ್ನೆಯಲ್ಲಿ ಎಡವಿ ಬೀಳುವ ಗುಂಡಿಯೊಂದಿದೆ, ಅದನ್ನು ಕೊಂಚ ನಿಂತು ನೋಡಬೇಕು. ಒಬ್ಬ ನೇಕಾರರು ತಲಾ 1000 ರೂಪಾಯಿ ಮಜೂರಿಯ 5 ಸೀರೆ ತಂದಿದ್ದಾರೆ, ಅವರಿಗೆ 800 ರೂಪಾಯಿಯಂತೆ 3 ಸಲ ಹಣ ಕೊಟ್ಟಿದೆ ಎನ್ನಿರಿ. ದರಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು. ಬಾಕಿ 5000ದಲ್ಲಿ 2400 ಕಳೆದು 2600. ಜಮಾ ಮತ್ತು ಪಾವತಿ ಎರಡೂ ಟೇಬಲ್‌ಗಳನ್ನು ಒಂದೇ ವಾಕ್ಯದಲ್ಲಿ ನೇಕಾರರಿಗೆ ಜಾಯಿನ್ ಮಾಡಿದರೆ ಪ್ರತಿ ಸೀರೆ ಪ್ರತಿ ಪಾವತಿಯೊಂದಿಗೂ ಜೋಡಿಯಾಗಿ 15 ಸಾಲು ಹುಟ್ಟುತ್ತವೆ. ಮಜೂರಿಯ ಮೊತ್ತ 15000, ಪಾವತಿಯ ಮೊತ್ತ 12000, ಬಾಕಿ 3000 ಎಂದು ಉತ್ತರ ಬರುತ್ತದೆ. ಎಲ್ಲಿಯೂ ದೋಷದ ಸಂದೇಶ ಬರುವುದಿಲ್ಲ, ಮೊತ್ತವೂ ನಂಬುವಂತೆಯೇ ಇರುತ್ತದೆ. ಪ್ರತಿ ಟೇಬಲಿನ ಮೊತ್ತವನ್ನು ನೇಕಾರರ ಸಂಖ್ಯೆಗೆ ತಕ್ಕಂತೆ ಮೊದಲು ಬೇರೆಯಾಗಿ ಕೂಡಿಸಿ, ಆ ಬಳಿಕ ಜೋಡಿಸುವುದೇ ಸರಿಯಾದ ಮಾರ್ಗ.

ಸಾಲುಗಳು ಹೆಚ್ಚಿದಂತೆ ಹುಡುಕಾಟ ನಿಧಾನವಾದರೆ ಇಂಡೆಕ್ಸ್, ಅಂದರೆ ಕಾಲಮಿನ ಮೌಲ್ಯಗಳನ್ನು ಕ್ರಮವಾಗಿ ಜೋಡಿಸಿಟ್ಟ ಸೂಚಿ, ಕಟ್ಟಬೇಕು. ಜೋಡಿಸಿಟ್ಟ ಒಂದು ಲಕ್ಷ ಮೌಲ್ಯಗಳಲ್ಲಿ ಪ್ರತಿ ಸಲ ಅರ್ಧವನ್ನು ಬಿಡುತ್ತ ಹೋದರೆ 17 ಹೋಲಿಕೆಗಳಲ್ಲಿ ಬೇಕಾದದ್ದು ಸಿಗುತ್ತದೆ. ಇಂಡೆಕ್ಸುಗಳು ಸಾಮಾನ್ಯವಾಗಿ ಬಳಸುವ ಬಿ-ಟ್ರೀ ಎಂಬ ರಚನೆ ಪ್ರತಿ ಹೆಜ್ಜೆಗೆ ಇನ್ನೂ ಹೆಚ್ಚು ಭಾಗವನ್ನು ಬಿಡುವುದರಿಂದ ಡಿಸ್ಕಿನಿಂದ ಓದುವ ಸಲಗಳು ಮತ್ತಷ್ಟು ಕಡಿಮೆಯಾಗುತ್ತವೆ. ಪ್ರೈಮರಿ ಕೀಗೆ ಇಂಡೆಕ್ಸ್ ತಾನಾಗಿಯೇ ಇರುತ್ತದೆ. ಜಮಾ ಟೇಬಲಿನ ನೇಕಾರರ ಸಂಖ್ಯೆಗೆ, ದಿನಾಂಕಕ್ಕೆ ಒಂದೊಂದು ಕಟ್ಟಿದರೆ ಸಾಕು. ಎಲ್ಲ ಕಾಲಂಗಳಿಗೂ ಕಟ್ಟಿದರೆ ಪ್ರತಿ ನಮೂದಿಗೂ ಅಷ್ಟೂ ಇಂಡೆಕ್ಸುಗಳನ್ನು ಸರಿಪಡಿಸುವ ಹೊರೆ ಬೀಳುತ್ತದೆ.

ನಡುವೆ ಕರೆಂಟು ಹೋದರೆ

ನೂಲು ಕೊಡುವಾಗ ಎರಡು ಕೆಲಸ ಆಗಬೇಕು: ದಾಸ್ತಾನಿನಲ್ಲಿ ನೂಲು ಇಳಿಯಬೇಕು, ನೇಕಾರರ ಲೆಕ್ಕದಲ್ಲಿ ಏರಬೇಕು. ಒಂದು ಮುಗಿದು ಇನ್ನೊಂದು ಆಗುವ ಮುನ್ನ ಕರೆಂಟು ಹೋದರೆ ನೂಲು ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. ಇಂತಹ ಕೆಲಸಗಳನ್ನು ಬಿಗಿನ್ ಮತ್ತು ಕಮಿಟ್ ಎಂಬ ಆದೇಶಗಳ ನಡುವೆ ಇಟ್ಟರೆ ಅವು ಒಂದೇ ಟ್ರಾನ್ಸಾಕ್ಷನ್ ಆಗುತ್ತವೆ. ಆಗುವುದಾದರೆ ಎರಡೂ ಆಗುತ್ತವೆ, ಇಲ್ಲವಾದರೆ ಎರಡೂ ಆಗುವುದಿಲ್ಲ. ಇದು ಸಾಧ್ಯವಾಗುವ ಒಂದು ಬಗೆ ನಮ್ಮ ಪೇಟೆಯ ಹಳೆಯ ಲೆಕ್ಕದ ಪದ್ಧತಿಗೆ ಬಹಳ ಹತ್ತಿರ. ವ್ಯವಹಾರ ನಡೆದ ಕೂಡಲೇ ಕಿರ್ದಿಯಲ್ಲಿ ಬರೆದು, ಬಿಡುವಾದಾಗ ಖತಾವಣಿಗೆ ಏರಿಸುವಂತೆ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ವ್ಯವಸ್ಥೆಗಳು ಬದಲಾವಣೆಯನ್ನು ಮೊದಲು ಲಾಗ್ ಕಡತದಲ್ಲಿ ಭದ್ರವಾಗಿ ಬರೆದು, ಆಮೇಲೆ ಟೇಬಲಿಗೆ ಏರಿಸುತ್ತವೆ. ಕರೆಂಟು ಬಂದ ಮೇಲೆ ಲಾಗನ್ನು ಓದಿ, ಏರಿಸದೆ ಉಳಿದದ್ದನ್ನು ಏರಿಸುತ್ತವೆ, ಕಮಿಟ್ ಆಗದೆ ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಂತ್ರಾಂಶದ ಆಯ್ಕೆ ಈಗ ಸುಲಭ. ಒಂದೇ ಅಂಗಡಿ, ಒಂದೇ ಕಂಪ್ಯೂಟರು ಎಂದಾದರೆ ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಇದು ಪೂರ್ಣ ಉಚಿತ, ಇಡೀ ಡೇಟಾಬೇಸ್ ಒಂದೇ ಕಡತದಲ್ಲಿರುತ್ತದೆ, ಆಂಡ್ರಾಯ್ಡ್ ಫೋನುಗಳ ಒಳಗೆ ಈಗಾಗಲೇ ಕೆಲಸ ಮಾಡುತ್ತಿದೆ. ಡಿಬಿ ಬ್ರೌಸರ್ ಎಂಬ ಉಚಿತ ತಂತ್ರಾಂಶದಿಂದ ಟೇಬಲ್‌ಗಳನ್ನು ತೆರೆಯ ಮೇಲೆಯೇ ಕಟ್ಟಬಹುದು. ಸಂಖ್ಯೆಯ ಕಾಲಮಿನಲ್ಲಿ ಅಕ್ಷರ ಬರೆದರೂ ಎಸ್‌ಕ್ಯೂಲೈಟ್ ಸುಮ್ಮನೆ ತೆಗೆದುಕೊಳ್ಳುತ್ತದೆ ಎಂಬುದು ಅದರ ಕೊರತೆ; ಟೇಬಲ್ ಕಟ್ಟುವಾಗ ಸ್ಟ್ರಿಕ್ಟ್ ಎಂದು ಸೇರಿಸಿದರೆ ಅದೂ ನಿಲ್ಲುತ್ತದೆ. ನಾಲ್ಕಾರು ಜನ ಬೇರೆ ಬೇರೆ ಕಂಪ್ಯೂಟರುಗಳಿಂದ ಏಕಕಾಲಕ್ಕೆ ನಮೂದಿಸುವ ಸೊಸೈಟಿಗಳು ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಥವಾ ಮೈಎಸ್‌ಕ್ಯೂಎಲ್ ಕಡೆಗೆ ನೋಡಬೇಕು.

ಪ್ರತಿ ಸಂಜೆ ಬ್ಯಾಕಪ್ ತೆಗೆಯಿರಿ. ಡೇಟಾಬೇಸ್ ತೆರೆದಿರುವಾಗ ಕಡತವನ್ನು ಹಾಗೆಯೇ ಕಾಪಿ ಮಾಡಿದರೆ ಅರ್ಧ ಬರೆದ ಸ್ಥಿತಿಯ ಪ್ರತಿ ಸಿಗಬಹುದು. ಎಸ್‌ಕ್ಯೂಲೈಟ್‌ನ ಬ್ಯಾಕಪ್ ಆದೇಶವನ್ನೋ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಿಜಿ ಡಂಪ್ ಸಾಧನವನ್ನೋ ಬಳಸಬೇಕು. ಪ್ರತಿಯಿರುವ ಪೆನ್ ಡ್ರೈವ್ ಅಂಗಡಿಯಲ್ಲಿರದೆ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಯಾವುದಾದರೂ ಇಬ್ಬರು ನೇಕಾರರ ಬಾಕಿ ಕೇಳಿ, ಅಂಗಡಿಯ ಉತ್ತರದೊಂದಿಗೆ ತಾಳೆ ನೋಡಿರಿ.